ರೇಡಿಯೋಗೆ ಕೇಳಿಸಿಕೊಳ್ಳಲು ಕಲಿಸಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್

ಜಾತ್ರೆಯ ಬಂದೋಬಸ್ತಿಗೆ ನಿಂತ ಪೊಲೀಸರ ಕೈಯಲ್ಲಿ ವಾಕಿಟಾಕಿಯನ್ನು ನಾವೆಲ್ಲ ನೋಡಿದ್ದೇವೆ. ಕರೆ ಬಂದ ಕ್ಷಣ ಅದು ಬಾಯಿ ತೆರೆಯುತ್ತದೆ; ಮಾತು ಮುಗಿದ ಕೂಡಲೇ ಸುಮ್ಮನಾಗುತ್ತದೆ. ಅದರ ಗಿಡ್ಡ ಆಂಟೆನಾದ ಮೇಲೆ ಒಂದೇ ಸಮಯಕ್ಕೆ ಬಾನುಲಿ ಕೇಂದ್ರಗಳ, ಮೊಬೈಲ್ ಗೋಪುರಗಳ, ಬೇರೆ ಬೇರೆ ಸೆಟ್‌ಗಳ ಅಲೆಗಳು ಬಂದು ಬೀಳುತ್ತಿರುತ್ತವೆ. ಅಷ್ಟರಲ್ಲಿ ತನಗೆ ಬೇಕಾದ ಒಂದನ್ನು ಆರಿಸಿಕೊಳ್ಳಬೇಕು. ಅತಿ ಕ್ಷೀಣವಾದ ಅದನ್ನು ಕಿವಿಗೆ ಕೇಳುವಷ್ಟು ಹಿಗ್ಗಿಸಬೇಕು. ಜೊತೆಗೆ ಬಂದ ಗದ್ದಲವನ್ನು ಕಳೆಯಬೇಕು. ರೇಡಿಯೋ ಗ್ರಾಹಕದ ಮುಖ್ಯ ಕೆಲಸ ಈ ಮೂರೇ.

ಈ ಮೂರು ಕೆಲಸಗಳಿಗೂ ದಾರಿ ತೋರಿದವರು ಅಮೆರಿಕದ ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಹೆಸರು ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತು. ಈ ಆರ್ಮ್‌ಸ್ಟ್ರಾಂಗ್ ಹೆಸರು ಮಾತ್ರ ಎಂಜಿನಿಯರುಗಳ ವಲಯ ದಾಟಿ ನಮ್ಮ ತರಗತಿಗಳಿಗೆ ಅಷ್ಟಾಗಿ ಬಂದಿಲ್ಲ. ರೇಡಿಯೋ ಎಂದರೆ ಮಾರ್ಕೋನಿ, ಜಗದೀಶ ಚಂದ್ರ ಬೋಸ್ ಎಂದು ಹೇಳಿ ಮುಂದಕ್ಕೆ ಹೋಗುವುದು ನಮ್ಮ ರೂಢಿ. ಆರಂಭದ ದಿನಗಳಲ್ಲಿ ಸಂದೇಶ ದೂರ ತಲುಪಬೇಕೆಂದರೆ ಹೆಚ್ಚು ಶಕ್ತಿಯಿಂದ ಕಳಿಸುವುದೇ ದೊಡ್ಡ ಉಪಾಯವಾಗಿತ್ತು. ಜೋರಾಗಿ ಕೂಗುವುದಕ್ಕಿಂತ ಚೆನ್ನಾಗಿ ಕೇಳಿಸಿಕೊಳ್ಳುವುದರಲ್ಲಿ ಹೆಚ್ಚಿನ ಲಾಭವಿದೆ ಎಂದು ಆರ್ಮ್‌ಸ್ಟ್ರಾಂಗ್ ತೋರಿಸಿಕೊಟ್ಟರು.

ಬಾಲ್ಯ ಮತ್ತು ಕಲಿಕೆ

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಜಾನ್ ಆರ್ಮ್‌ಸ್ಟ್ರಾಂಗ್ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಅಮೆರಿಕ ಶಾಖೆಯಲ್ಲಿ ಉದ್ಯೋಗಿ. ತಾಯಿ ಎಮಿಲಿ ಮದುವೆಗೆ ಮುಂಚೆ ನ್ಯೂಯಾರ್ಕಿನ ಸಾರ್ವಜನಿಕ ಶಾಲೆಗಳಲ್ಲಿ ಶಿಕ್ಷಕಿಯಾಗಿದ್ದವರು. ಎಂಟು ಒಂಬತ್ತು ವರ್ಷದವರಿದ್ದಾಗ ಎಡ್ವಿನ್‌ಗೆ ನರಗಳನ್ನು ಬಾಧಿಸುವ ಕಾಯಿಲೆಯೊಂದು ಬಂತು. ವಾಸಿಯಾದ ಮೇಲೂ ಉದ್ವೇಗವಾದಾಗ ಭುಜ, ಮುಖ ತಾವಾಗಿಯೇ ಅದುರುವ ತೊಂದರೆ ಜೀವನಪೂರ್ತಿ ಉಳಿಯಿತು. ಎರಡು ವರ್ಷ ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳಿಸಬೇಕಾಯಿತು. ಓರಗೆಯವರಿಂದ ದೂರವಾದ ಹುಡುಗ ಯಂತ್ರಗಳ ಕಡೆಗೆ, ಪುಸ್ತಕಗಳ ಕಡೆಗೆ ತಿರುಗಿದ.

1902ರಲ್ಲಿ ಕುಟುಂಬ ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಊರಿಗೆ ಬಂತು. ಹದಿನಾಲ್ಕನೆಯ ವಯಸ್ಸಿಗೆ ಎಡ್ವಿನ್ ತಾನು ಸಂಶೋಧಕನಾಗಬೇಕೆಂದು ನಿಶ್ಚಯಿಸಿಯಾಗಿತ್ತು. ಮಾರ್ಕೋನಿಯ ಸಾಹಸದ ಕಥೆ ಆತನ ಮನಸ್ಸನ್ನು ಹಿಡಿದಿತ್ತು. ಮನೆಯ ಅಟ್ಟವೇ ಪ್ರಯೋಗಶಾಲೆಯಾಯಿತು. ಹಿತ್ತಲಿನಲ್ಲಿ ಸುಮಾರು 125 ಅಡಿ ಎತ್ತರದ ಆಂಟೆನಾ ಕಂಬವನ್ನು ತಾನೇ ನಿಲ್ಲಿಸಿ, ಅದರ ತುದಿಯವರೆಗೂ ಹತ್ತುತ್ತಿದ್ದ. ಎತ್ತರಕ್ಕೆ ಹತ್ತುವ ಈ ಹುಚ್ಚು ದೊಡ್ಡವರಾದ ಮೇಲೂ ಹೋಗಲಿಲ್ಲ.

1909ರಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಲು ಸೇರಿದರು. ಯಾಂಕರ್ಸ್‌ನಿಂದ ಕಾಲೇಜಿಗೆ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕ ಗುರು ಪ್ರೊಫೆಸರ್ ಮೈಕೆಲ್ ಪ್ಯೂಪಿನ್. ಪಠ್ಯದಲ್ಲಿ ಬರೆದದ್ದೆಂಬ ಕಾರಣಕ್ಕೇ ಯಾವುದನ್ನೂ ಒಪ್ಪದೆ, ಅಳೆದು ನೋಡಿದ ಮೇಲೆಯೇ ನಂಬುವ ಸ್ವಭಾವ ಅವರದು. ಇದು ಕೆಲವು ಅಧ್ಯಾಪಕರಿಗೆ ಕಿರಿಕಿರಿ ತಂದರೂ, ಪ್ಯೂಪಿನ್ ಅಂಥವರು ಪ್ರಯೋಗಶಾಲೆಯ ಬಾಗಿಲನ್ನು ತೆರೆದಿಟ್ಟರು.

ಮೊದಲ ಕೆಲಸ: ಹಿಗ್ಗಿಸುವುದು

ಲೀ ಡಿ ಫಾರೆಸ್ಟ್ 1906ರಲ್ಲಿ ಆಡಿಯಾನ್ ಎಂಬ ಮೂರು ವಿದ್ಯುದ್ವಾರಗಳ ನಿರ್ವಾತ ಕೊಳವೆಯನ್ನು ರೂಪಿಸಿದ್ದರು. ಅದು ರೇಡಿಯೋ ಅಲೆಗಳನ್ನು ಗುರುತಿಸುತ್ತಿತ್ತು. ಆದರೆ ಒಳಗೆ ಏನು ನಡೆಯುತ್ತದೆ ಎಂಬುದು ಸ್ಪಷ್ಟವಾಗಿರಲಿಲ್ಲ. ವಿದ್ಯಾರ್ಥಿ ಆರ್ಮ್‌ಸ್ಟ್ರಾಂಗ್ ಆ ಕೊಳವೆಯ ಪ್ರತಿ ಭಾಗದ ವಿದ್ಯುತ್ ಪ್ರವಾಹವನ್ನು ಅಳೆಯುತ್ತಾ ಕುಳಿತರು. 1912ರಲ್ಲಿ ಅವರಿಗೆ ಹೊಳೆದ ಉಪಾಯ ಸರಳವಾದದ್ದು. ಕೊಳವೆಯಿಂದ ಹೊರಬಂದ ಹಿಗ್ಗಿದ ಸಂಕೇತದ ಒಂದು ಪಾಲನ್ನು ಮತ್ತೆ ಅದರ ಬಾಯಿಗೇ ಕೊಟ್ಟರೆ ಅದು ಇನ್ನಷ್ಟು ಹಿಗ್ಗುತ್ತದೆ. ಹೀಗೆ ಸುತ್ತು ಸುತ್ತು ಹಾಕಿಸಿದರೆ ಸಂಕೇತ ಸಾವಿರಾರು ಪಟ್ಟು ಬೆಳೆಯಬಲ್ಲದು. ಇದಕ್ಕೆ ರೀಜನರೇಶನ್, ಅಂದರೆ ಪುನರುತ್ಪಾದನೆ ಎಂದು ಹೆಸರಾಯಿತು.

ಶಾಲಾ ವಾರ್ಷಿಕೋತ್ಸವದಲ್ಲಿ ಮೈಕನ್ನು ಧ್ವನಿವರ್ಧಕದ ಹತ್ತಿರ ತಂದಾಗ ಕುಯ್ ಎಂದು ಕಿರುಚುವುದನ್ನು ಎಲ್ಲ ಮಕ್ಕಳೂ ಕೇಳಿರುತ್ತಾರೆ. ಅಲ್ಲಿ ನಡೆಯುವುದೂ ಇದೇ ಸುತ್ತು. ಕಿರುಚುವ ಹಂತಕ್ಕೆ ಸ್ವಲ್ಪ ಹಿಂದೆಯೇ ನಿಲ್ಲಿಸುವ ಹದವನ್ನು ಆರ್ಮ್‌ಸ್ಟ್ರಾಂಗ್ ಕಂಡುಕೊಂಡರು. ಆ ಹದವನ್ನು ದಾಟಿದರೆ ಕೊಳವೆ ತಾನೇ ಅಲೆಗಳನ್ನು ಹುಟ್ಟಿಸುತ್ತದೆ ಎಂಬುದನ್ನೂ ಗಮನಿಸಿದರು. ಹೀಗೆ ಒಂದೇ ಮಂಡಲ ಒಂದು ಹದದಲ್ಲಿ ಗ್ರಾಹಕ, ಇನ್ನೊಂದು ಹದದಲ್ಲಿ ಪ್ರೇಷಕ. ಮುಂದೆ ಎರಡೂ ಕೆಲಸ ಮಾಡುವ ರೇಡಿಯೋಗಳಿಗೆ ಇದು ಬುನಾದಿಯಾಯಿತು.

ಪೇಟೆಂಟ್ ಅರ್ಜಿಗೆ ತಂದೆಯ ಬಳಿ ಹಣ ಕೇಳಿದರು. ಮೊದಲು ಪದವಿ ಮುಗಿಸು ಎಂಬುದು ತಂದೆಯ ತೀರ್ಮಾನವಾಗಿತ್ತು. ಹಾಗಾಗಿ 1913ರ ಜನವರಿ 31ರಂದು ಮಂಡಲದ ಚಿತ್ರವನ್ನು ನೋಟರಿಯ ಮುಂದೆ ದೃಢೀಕರಿಸಿ ಇಟ್ಟುಕೊಂಡರು. ಪದವಿ ಪಡೆದ ಮೇಲೆ ಅಕ್ಟೋಬರ್ 29ರಂದು ಅರ್ಜಿ ಹಾಕಿದರು. 1914ರ ಅಕ್ಟೋಬರ್ 6ರಂದು ಪೇಟೆಂಟ್ ದೊರೆಯಿತು. ಈ ನಡುವೆ 1914ರ ಜನವರಿ ಕೊನೆಯಲ್ಲಿ ನ್ಯೂಜೆರ್ಸಿಯ ಬೆಲ್ಮಾರ್‌ನಲ್ಲಿದ್ದ ಮಾರ್ಕೋನಿ ಕಂಪನಿಯ ಕೇಂದ್ರದಲ್ಲಿ ಒಂದು ಪರೀಕ್ಷೆ ನಡೆಯಿತು. ಕಂಪನಿಯ ಕಡೆಯಿಂದ ಬಂದವರು ಡೇವಿಡ್ ಸಾರ್ನಾಫ್ ಎಂಬ ಯುವಕ. ಕೊರೆಯುವ ಚಳಿಯ ರಾತ್ರಿ ಇಬ್ಬರೂ ಆ ಪೆಟ್ಟಿಗೆಯ ಮುಂದೆ ಕೂತು ಐರ್ಲೆಂಡ್, ಜರ್ಮನಿ, ಹವಾಯಿ ದ್ವೀಪಗಳ ಕೇಂದ್ರಗಳನ್ನು ಕೇಳಿದರು. ಅಲ್ಲಿ ಹುಟ್ಟಿದ ಸ್ನೇಹ ಮುಂದಿನ ಎರಡು ದಶಕ ಉಳಿಯಿತು.

ಎರಡನೆಯ ಕೆಲಸ: ಆರಿಸುವುದು

ಮೊದಲ ಮಹಾಯುದ್ಧದಲ್ಲಿ ಆರ್ಮ್‌ಸ್ಟ್ರಾಂಗ್ ಅಮೆರಿಕ ಸೇನೆಯ ಸಿಗ್ನಲ್ ವಿಭಾಗದ ಅಧಿಕಾರಿಯಾಗಿ ಪ್ಯಾರಿಸ್‌ಗೆ ಹೋದರು. ಅವರ ಮುಂದಿದ್ದ ಸಮಸ್ಯೆ ಇದು: ಅತಿ ಹೆಚ್ಚು ಆವೃತ್ತಿಯ ಕ್ಷೀಣ ಅಲೆಗಳನ್ನು ಅಂದಿನ ಕೊಳವೆಗಳು ಹಿಗ್ಗಿಸಲಾರವು, ಕಡಿಮೆ ಆವೃತ್ತಿಯವನ್ನಾದರೆ ಸುಲಭವಾಗಿ ಹಿಗ್ಗಿಸುತ್ತವೆ. ಹೆಚ್ಚು ಆವೃತ್ತಿಗೆ ತಕ್ಕ ಕೊಳವೆಯನ್ನು ಮಾಡುವ ಬದಲು, ಬಂದ ಅಲೆಯ ಆವೃತ್ತಿಯನ್ನೇ ಕೊಳವೆಗೆ ಒಗ್ಗುವ ಮಟ್ಟಕ್ಕೆ ಇಳಿಸಿದರೆ ಹೇಗೆ ಎಂದು 1918ರಲ್ಲಿ ಅವರು ಯೋಚಿಸಿದರು.

ಇದರ ಮೂಲತತ್ವ ನಮ್ಮ ಶಬ್ದದ ಪಾಠದಲ್ಲಿಯೇ ಇದೆ. 256 ಹರ್ಟ್ಸ್ ಮತ್ತು 260 ಹರ್ಟ್ಸ್‌ನ ಎರಡು ಶ್ರುತಿಕವೆಗಳನ್ನು ಒಟ್ಟಿಗೆ ಮೀಟಿದರೆ ಸೆಕೆಂಡಿಗೆ 4 ಸಲ ಏರಿಳಿಯುವ ಸದ್ದು ಕೇಳುತ್ತದೆ. ಇವೇ ವಿಸ್ಪಂದಗಳು. ತಂಬೂರಿಯನ್ನು ಶ್ರುತಿ ಮಾಡುವವರು ಎರಡು ತಂತಿಗಳ ನಡುವಿನ ಈ ಏರಿಳಿತವನ್ನೇ ಆಲಿಸಿ, ಅದು ಕರಗುವ ತನಕ ಬಿಗಿ ಸರಿಪಡಿಸುತ್ತಾರೆ. ರೇಡಿಯೋದಲ್ಲಿ ಹೊರಗಿನಿಂದ ಬಂದ ಅಲೆಯ ಜೊತೆ ಗ್ರಾಹಕದೊಳಗೇ ಹುಟ್ಟಿಸಿದ ಇನ್ನೊಂದು ಅಲೆಯನ್ನು ವಿಶೇಷ ಮಂಡಲವೊಂದರಲ್ಲಿ ಬೆರೆಸುತ್ತಾರೆ. ಆಗ ಎರಡರ ವ್ಯತ್ಯಾಸಕ್ಕೆ ಸಮನಾದ ಆವೃತ್ತಿಯ ಹೊಸ ಅಲೆಯೇ ಹುಟ್ಟುತ್ತದೆ. ಮಾತು, ಸಂಗೀತ ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ಇದನ್ನು ಮಧ್ಯಂತರ ಆವೃತ್ತಿ ಎನ್ನುತ್ತಾರೆ. ಈ ಗ್ರಾಹಕವೇ ಸೂಪರ್‌ಹೆಟರೊಡೈನ್.

ನಮ್ಮದೇ ಕೇಂದ್ರಗಳ ಲೆಕ್ಕ ಹಾಕೋಣ. ಸಾಮಾನ್ಯ ಮಧ್ಯಮ ತರಂಗ ರೇಡಿಯೋದ ಮಧ್ಯಂತರ ಆವೃತ್ತಿ 455 ಕಿಲೋಹರ್ಟ್ಸ್. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಮುಳ್ಳನ್ನು ತಿರುಗಿಸಿದಾಗ ಒಳಗಿನ ಆಂದೋಲಕ 1067 ಕಿಲೋಹರ್ಟ್ಸ್‌ನಲ್ಲಿ ಕಂಪಿಸುತ್ತದೆ, ವ್ಯತ್ಯಾಸ 455. ಧಾರವಾಡದ 765ಕ್ಕೆ ತಿರುಗಿಸಿದರೆ ಆಂದೋಲಕ 1220ಕ್ಕೆ ಏರುತ್ತದೆ. ವ್ಯತ್ಯಾಸ ಮತ್ತೆ 455. ಕೇಂದ್ರ ಯಾವುದಾದರೂ ಮುಂದಿನ ಮಂಡಲಗಳಿಗೆ ಬರುವುದು ಒಂದೇ ಆವೃತ್ತಿ. ಆ ಒಂದಕ್ಕೆ ಮಾತ್ರ ಸೋಸುಕಗಳನ್ನು ಬಹಳ ಬಿಗಿಯಾಗಿ ಹೊಂದಿಸಿಟ್ಟರೆ ಸಾಕು, ಪಕ್ಕದ ಕೇಂದ್ರ ಒಳಗೆ ನುಸುಳದು. ಆದ್ದರಿಂದ ಹಿಗ್ಗಿಸಲು ಹುಡುಕಿದ ಉಪಾಯ ಆರಿಸುವುದಕ್ಕೂ ಉಪಾಯವಾಯಿತು. ಫ್ರಾನ್ಸಿನ ಲೂಸಿಯೆನ್ ಲೆವಿ, ಜರ್ಮನಿಯ ವಾಲ್ಟರ್ ಶಾಟ್ಕಿ ಅವರೂ ಸುಮಾರು ಅದೇ ಕಾಲದಲ್ಲಿ ಇಂಥ ವಿಚಾರ ಮಾಡಿದ್ದರು. ಕೆಲಸ ಮಾಡುವ ಉಪಕರಣವಾಗಿ ಅದನ್ನು ಬೆಳೆಸಿದ ಶ್ರೇಯ ಆರ್ಮ್‌ಸ್ಟ್ರಾಂಗ್ ಅವರಿಗೆ ಸಲ್ಲುತ್ತದೆ.

ಇದರ ಬಲ 1921ರ ಡಿಸೆಂಬರಿನಲ್ಲಿ ಜಗತ್ತಿಗೆ ಕಂಡಿತು. ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಹವ್ಯಾಸಿ ಗೆಳೆಯರು ಒಂದು ಸಣ್ಣ ಪ್ರೇಷಕವನ್ನು ಕಟ್ಟಿದರು. ಅತ್ತ ಸ್ಕಾಟ್ಲೆಂಡಿನ ಅರ್ಡ್ರಾಸನ್ ಕರಾವಳಿಯಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕದ ಹವ್ಯಾಸಿ ಒಂದು ಡೇರೆಯೊಳಗೆ ಸೂಪರ್‌ಹೆಟರೊಡೈನ್ ಗ್ರಾಹಕವನ್ನಿಟ್ಟುಕೊಂಡು ಕಾದರು. ದೂರ ಸಂಪರ್ಕಕ್ಕೆ ಕೆಲಸಕ್ಕೆ ಬಾರದೆಂದು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದ ಕಿರು ಅಲೆಗಳು ಅಟ್ಲಾಂಟಿಕ್ ಸಾಗರ ದಾಟಿ ಆ ಡೇರೆಗೆ ತಲುಪಿದವು.

ಪೇಟೆಂಟುಗಳ ಮಾರಾಟದಿಂದ ಆರ್ಮ್‌ಸ್ಟ್ರಾಂಗ್ ಶ್ರೀಮಂತರಾದರು. ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ, ಅಂದರೆ ಆರ್‌ಸಿಎ ಕಂಪನಿಯಲ್ಲಿ ಸಾರ್ನಾಫ್ ದೊಡ್ಡ ಅಧಿಕಾರಿಯಾಗಿದ್ದರು. ಅದರ ಷೇರುಗಳೂ ಆರ್ಮ್‌ಸ್ಟ್ರಾಂಗ್ ಕೈಗೆ ಬಂದವು. ಸಾರ್ನಾಫ್ ಅವರ ಕಾರ್ಯದರ್ಶಿಯಾಗಿದ್ದ ಮೇರಿಯನ್ ಮ್ಯಾಕಿನಿಸ್ ಅವರನ್ನು 1923ರ ಡಿಸೆಂಬರ್ 1ರಂದು ಮದುವೆಯಾದರು. ಹೆಂಡತಿಗೆ ಅವರು ಕೊಟ್ಟ ಉಡುಗೊರೆ ಎತ್ತಿಕೊಂಡು ಹೋಗಬಹುದಾದ ಒಂದು ಸೂಪರ್‌ಹೆಟರೊಡೈನ್ ರೇಡಿಯೋ.

ಮೂರನೆಯ ಕೆಲಸ: ಗದ್ದಲ ಕಳೆಯುವುದು

ಹಿಗ್ಗಿಸಿದ್ದಾಯಿತು, ಆರಿಸಿದ್ದಾಯಿತು, ಆದರೆ ಗದ್ದಲ ಉಳಿದೇ ಇತ್ತು. ಮಿಂಚು ಹೊಡೆದರೆ, ಪಕ್ಕದಲ್ಲಿ ಮೋಟಾರು ಓಡಿದರೆ ರೇಡಿಯೋ ಚಟಚಟ ಎನ್ನುತ್ತಿತ್ತು. ಸಂಕೇತವನ್ನು ಹಿಗ್ಗಿಸಿದರೆ ಗದ್ದಲವೂ ಅದರ ಜೊತೆಗೇ ಹಿಗ್ಗುತ್ತಿತ್ತು. ಈ ಗದ್ದಲವನ್ನು ನಿವಾರಿಸುವ ಸಾಧನ ಬೇಕೆಂಬುದು ಸಾರ್ನಾಫ್ ಅವರ ಬಹುದಿನದ ಬಯಕೆಯೂ ಆಗಿತ್ತು.

ಅಂದಿನ ರೇಡಿಯೋಗಳಲ್ಲಿ ಧ್ವನಿಗೆ ತಕ್ಕಂತೆ ಬದಲಾಗುತ್ತಿದ್ದುದು ಅಲೆಯ ಎತ್ತರ, ಅಂದರೆ ಪಾರ. ಇದೇ ಎಎಂ ವಿಧಾನ. ಮಿಂಚು, ಕಿಡಿಗಳು ಮುಖ್ಯವಾಗಿ ಕೆಡಿಸುವುದೂ ಅಲೆಯ ಎತ್ತರವನ್ನೇ. ಹಾಗಾದರೆ ಎತ್ತರವನ್ನು ಮುಟ್ಟದೆ, ಧ್ವನಿಗೆ ತಕ್ಕಂತೆ ಆವೃತ್ತಿಯನ್ನು ಮಾತ್ರ ಬದಲಾಯಿಸಿದರೆ? ಈ ವಿಚಾರ ಹೊಸದಾಗಿರಲಿಲ್ಲ. ಎಟಿ ಅಂಡ್ ಟಿ ಕಂಪನಿಯ ಗಣಿತಜ್ಞ ಜಾನ್ ಕಾರ್ಸನ್ 1922ರಲ್ಲೇ ಇದನ್ನು ಗಣಿತದಿಂದ ಪರಿಶೀಲಿಸಿ, ಇದರಿಂದ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ಹೆಚ್ಚಿನವರು ಅಲ್ಲಿಗೇ ಪುಸ್ತಕ ಮುಚ್ಚಿದರು.

ಕಾರ್ಸನ್ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅಲೆಗೆ ಆದಷ್ಟು ಕಿರಿದಾದ ಜಾಗ ಕೊಡಬೇಕು ಎಂಬ ಅಂದಿನ ರೂಢಿಯ ಷರತ್ತಿನೊಳಗೆ ಆ ಲೆಕ್ಕ ನಿಂತಿತ್ತು. ಜಾಗ ಕಿರಿದಾದಷ್ಟೂ ಒಳಗೆ ಬರುವ ಗದ್ದಲ ಕಡಿಮೆ ಎಂಬುದು ಎಎಂನ ಅನುಭವ. ಆರ್ಮ್‌ಸ್ಟ್ರಾಂಗ್ ಕೊಲಂಬಿಯಾದ ಫಿಲಾಸಫಿ ಹಾಲ್ ಕಟ್ಟಡದ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ದುಡಿದು ಆ ಷರತ್ತನ್ನೇ ತಿರುಗಿಸಿದರು. ಆವೃತ್ತಿ ಬಹಳ ಅಗಲವಾಗಿ ಆಚೀಚೆ ತೂಗಾಡಲು ಬಿಟ್ಟರು. ಗ್ರಾಹಕದಲ್ಲಿ ಎರಡು ಹೊಸ ಹಂತಗಳನ್ನು ಸೇರಿಸಿದರು. ಮೊದಲನೆಯದು ಮಿತಿಕಾರಕ, ಅದು ಅಲೆಯ ಎತ್ತರದ ಏರುಪೇರನ್ನೆಲ್ಲ ಕತ್ತರಿಸಿ ಸಮಮಾಡುತ್ತದೆ, ಅದರ ಜೊತೆ ಚಟಚಟ ಸದ್ದೂ ಹೋಗುತ್ತದೆ. ಎರಡನೆಯದು ಆವೃತ್ತಿಯ ತೂಗಾಟವನ್ನು ಮತ್ತೆ ಧ್ವನಿಯಾಗಿ ಬದಲಿಸುತ್ತದೆ. ತೂಗಾಟ ಅಗಲವಾದಷ್ಟೂ ಗದ್ದಲಕ್ಕೆ ಹೋಲಿಸಿದರೆ ಧ್ವನಿಯೇ ಬಲವಾಗುತ್ತದೆ. ಇದೇ ಎಫ್‌ಎಂ. 1933ರ ಡಿಸೆಂಬರ್ 26ರಂದು ಇದರ ಪೇಟೆಂಟುಗಳು ಅವರಿಗೆ ದೊರೆತವು.

1934ರ ಜೂನ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದಲ್ಲಿದ್ದ ಆರ್‌ಸಿಎ ಕೇಂದ್ರದಿಂದ ಪರೀಕ್ಷೆ ಆರಂಭವಾಯಿತು. ಗುಡುಗು ಮಿಂಚಿನ ನಡುವೆಯೂ ಲಾಂಗ್ ಐಲೆಂಡಿನಲ್ಲಿ ಎಫ್‌ಎಂ ಸಂಗೀತ ತಿಳಿಯಾಗಿ ಕೇಳಿತು. ಆದರೆ ಆರ್‌ಸಿಎ ಆಗ ಟೆಲಿವಿಷನ್ ಮೇಲೆ ಹಣ ಹೂಡುತ್ತಿತ್ತು. 1935ರಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಉಪಕರಣಗಳನ್ನು ಅಲ್ಲಿಂದ ತೆಗೆಯಲು ಹೇಳಿತು.

ಅದೇ ವರ್ಷ ನವೆಂಬರ್ 5ರಂದು ನ್ಯೂಯಾರ್ಕಿನಲ್ಲಿ ರೇಡಿಯೋ ಎಂಜಿನಿಯರುಗಳ ಸಭೆಯಲ್ಲಿ ಅವರು ಪ್ರಬಂಧ ಓದಿದರು. ಪ್ರಬಂಧದ ಜೊತೆಗೆ ಪ್ರಾತ್ಯಕ್ಷಿಕೆಯೂ ಇತ್ತು. ಯಾಂಕರ್ಸ್‌ನಲ್ಲಿದ್ದ ಗೆಳೆಯ ರುನ್ಯನ್ ಅವರ ಮನೆಯ ಹವ್ಯಾಸಿ ಕೇಂದ್ರವೇ ಪ್ರೇಷಕ. ಅಲ್ಲಿ ಒಂದು ಲೋಟಕ್ಕೆ ನೀರು ಸುರಿದರು, ಕಾಗದ ಮುದುಡಿದರು. ಸಭೆಯಲ್ಲಿದ್ದವರಿಗೆ ನೀರು ಸುರಿಯುವ ಸದ್ದು ನೀರಿನ ಸದ್ದಾಗಿಯೇ, ಕಾಗದದ ಸದ್ದು ಕಾಗದದ್ದಾಗಿಯೇ ಕೇಳಿತು. ಅಂದಿನ ರೇಡಿಯೋ ಕೇಳಿ ಅಭ್ಯಾಸವಿದ್ದವರಿಗೆ ಅದು ನಂಬಲಾಗದ ಸಂಗತಿ.

ಕೈಗೆ ಬಂದ ರೇಡಿಯೋ

ಮುಂದೆ ಅವರು ಸ್ವಂತ ಹಣದಿಂದಲೇ, ಮೂರು ಲಕ್ಷ ಡಾಲರಿಗೂ ಮಿಕ್ಕಿ ಖರ್ಚುಮಾಡಿ, ಹಡ್ಸನ್ ನದಿಯಾಚೆ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ 425 ಅಡಿ ಎತ್ತರದ ಗೋಪುರ ಕಟ್ಟಿಸಿದರು. 1939ರ ಹೊತ್ತಿಗೆ ಆ ಕೇಂದ್ರ ಪೂರ್ಣ ಶಕ್ತಿಯಿಂದ ಎಫ್‌ಎಂ ಪ್ರಸಾರ ಮಾಡುತ್ತಿತ್ತು.

ಎಫ್‌ಎಂ ತಿಳಿಯಾದ ಸಂಗೀತಕ್ಕಷ್ಟೇ ಉಪಯುಕ್ತವಾಗಿರಲಿಲ್ಲ. ಓಡುವ ಕಾರಿನಲ್ಲಿ ಎಂಜಿನಿನ ಕಿಡಿಗಳೇ ರೇಡಿಯೋಗೆ ಮೊದಲ ಶತ್ರು. 1940ರಲ್ಲಿ ಪ್ರೊಫೆಸರ್ ಡೇನಿಯಲ್ ನೋಬಲ್ ಅವರ ಯೋಜನೆಯಂತೆ ಕನೆಕ್ಟಿಕಟ್ ರಾಜ್ಯ ಪೊಲೀಸರು ತಮ್ಮ ಕಾರುಗಳಿಗೆ ಎಫ್‌ಎಂ ದ್ವಿಮುಖ ರೇಡಿಯೋ ಅಳವಡಿಸಿಕೊಂಡರು. ಅನಂತರ ನೋಬಲ್ ಮುಂದೆ ಮೊಟೊರೊಲಾ ಎಂದು ಹೆಸರಾದ ಕಂಪನಿಯನ್ನು ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ತಯಾರಾದ ಎಸ್‌ಸಿಆರ್-300 ಎಂಬ ಸೆಟ್ಟನ್ನು ಸೈನಿಕರು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದರು. 40ರಿಂದ 48 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಎಫ್‌ಎಂ ಸೆಟ್ ಅದು. ವಾಕಿಟಾಕಿ ಎಂಬ ಹೆಸರು ಅದಕ್ಕೆ ಅಂಟಿತು. ಅಮೆರಿಕದ ಟ್ಯಾಂಕುಗಳಿಗೂ ಎಫ್‌ಎಂ ಸೆಟ್‌ಗಳು ಬಂದವು. ಯುದ್ಧ ಮುಗಿಯುವವರೆಗೆ ತಮ್ಮ ಪೇಟೆಂಟುಗಳನ್ನು ಸೇನೆ ಯಾವ ರಾಯಧನವನ್ನೂ ಕೊಡದೆ ಬಳಸಬಹುದೆಂದು ಆರ್ಮ್‌ಸ್ಟ್ರಾಂಗ್ ಒಪ್ಪಿಗೆ ಕೊಟ್ಟರು.

ಇಂದಿನ ಅನಲಾಗ್ ವಾಕಿಟಾಕಿಯಲ್ಲೂ ಅವರ ಈ ಕೆಲಸಗಳನ್ನು ಕಾಣಬಹುದು. ಬಾನುಲಿ ಎಫ್‌ಎಂನ ಆವೃತ್ತಿ ಮಧ್ಯಬಿಂದುವಿನಿಂದ 75 ಕಿಲೋಹರ್ಟ್ಸ್‌ವರೆಗೆ ಆಚೀಚೆ ತೂಗಿದರೆ, ಮಾತಿಗಷ್ಟೇ ಮೀಸಲಾದ ವಾಕಿಟಾಕಿಯಲ್ಲಿ ತೂಗಾಟ 5 ಅಥವಾ 2.5 ಕಿಲೋಹರ್ಟ್ಸ್ ಮಾತ್ರ. ಅದಕ್ಕೇ ಅಕ್ಕಪಕ್ಕ ಹಲವು ಚಾನೆಲ್‌ಗಳು ಹಿಡಿಸುತ್ತವೆ. ಸಂಗೀತದ ಸೊಗಸು ಮಾತ್ರ ಸಿಗದು. ಸಂಕೇತವಿಲ್ಲದಾಗ ಎಫ್‌ಎಂ ಗ್ರಾಹಕ ಜೋರಾಗಿ ಹಿಸ್ ಎನ್ನುತ್ತದೆ. ಅದನ್ನು ಮುಚ್ಚಲು ಇರುವುದು ಸ್ಕ್ವೆಲ್ಚ್ ಗುಬ್ಬಿ. ಹಿಸ್ ಸದ್ದು ನಿಂತ ಜಾಗದಲ್ಲೇ ಅದನ್ನು ನಿಲ್ಲಿಸಬೇಕು. ಇನ್ನೂ ಬಿಗಿ ಮಾಡಿದರೆ ದೂರದ ಕ್ಷೀಣ ಕರೆಯೂ ಹಿಸ್ ಜೊತೆಗೆ ಮುಚ್ಚಿಹೋಗುತ್ತದೆ. ಒಂದೇ ಚಾನೆಲ್‌ನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಎಫ್‌ಎಂ ಗ್ರಾಹಕ ಬಲವಾದ ಸಂಕೇತವನ್ನು ಹಿಡಿದು ಇನ್ನೊಂದನ್ನು ಅದುಮಿಬಿಡುತ್ತದೆ. ಈ ಗುಣ ಎಲ್ಲ ಕಡೆಗೂ ಒಳ್ಳೆಯದಲ್ಲ. ವಿಮಾನಗಳು ಮತ್ತು ನಿಯಂತ್ರಣ ಕೊಠಡಿಯ ನಡುವಿನ ಮಾತುಕತೆ ಇಂದಿಗೂ ಎಎಂನಲ್ಲೇ ನಡೆಯುತ್ತದೆ. ಅಲ್ಲಿ ಇನ್ನೊಬ್ಬರ ಕರೆ ಬಲವಾದ ಸಂಕೇತದ ಅಡಿಯಲ್ಲೂ ಕಿವಿಗೆ ಬೀಳುವ ಸಾಧ್ಯತೆ ಹೆಚ್ಚು.

ನ್ಯಾಯಾಲಯಗಳಲ್ಲಿ ಕಳೆದ ವರ್ಷಗಳು

ಆರ್ಮ್‌ಸ್ಟ್ರಾಂಗ್ ಅವರ ಬದುಕಿನ ಇನ್ನೊಂದು ಮುಖ ವ್ಯಾಜ್ಯಗಳದ್ದು. ಪುನರುತ್ಪಾದನೆ ತನ್ನದೇ ಎಂದು ಡಿ ಫಾರೆಸ್ಟ್ ಹಕ್ಕು ಮಂಡಿಸಿದರು. ಹತ್ತೊಂಬತ್ತು ಇಪ್ಪತ್ತು ವರ್ಷ ನಡೆದ ಆ ಮೊಕದ್ದಮೆಯಲ್ಲಿ ತೀರ್ಪು ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ವಾಲಿತು. 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊನೆಯದಾಗಿ ಡಿ ಫಾರೆಸ್ಟ್ ಪರವಾಗಿ ತೀರ್ಪು ಕೊಟ್ಟಿತು. ಇದೇ ಸಂಶೋಧನೆಗಾಗಿ ರೇಡಿಯೋ ಎಂಜಿನಿಯರುಗಳ ಸಂಸ್ಥೆ ಆರ್ಮ್‌ಸ್ಟ್ರಾಂಗ್ ಅವರಿಗೆ ತನ್ನ ಮೊದಲ ಗೌರವ ಪದಕ ಕೊಟ್ಟಿತ್ತು. ತೀರ್ಪಿನ ಬೆನ್ನಿಗೇ ಫಿಲಡೆಲ್ಫಿಯಾದಲ್ಲಿ ನಡೆದ ಸಂಸ್ಥೆಯ ಸಮಾವೇಶಕ್ಕೆ ಅವರು ಪದಕವನ್ನು ಹಿಂದಿರುಗಿಸಲು ಹೋದರು. ಸಂಸ್ಥೆ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಗೌರವ ಅವರದೇ ಎಂದು ಮತ್ತೆ ಸಾರಿತು. ಕಾನೂನು ಒಂದು ತೀರ್ಮಾನಕ್ಕೆ ಬಂದಿದ್ದರೆ, ಆ ಮಂಡಲವನ್ನು ಕೈಯಾರೆ ಬಳಸಿ ಬಲ್ಲವರು ಇನ್ನೊಂದು ತೀರ್ಮಾನಕ್ಕೆ ಬಂದಿದ್ದರು.

ಎಫ್‌ಎಂ ವಿಷಯದಲ್ಲೂ ಹೀಗೇ ಆಯಿತು. 1940ರಲ್ಲಿ ಆರ್‌ಸಿಎ ಹತ್ತು ಲಕ್ಷ ಡಾಲರ್ ಒಟ್ಟು ಮೊತ್ತ ಕೊಟ್ಟು ಪೇಟೆಂಟ್ ಬಳಸಲು ಮುಂದೆ ಬಂತು. ಬೇರೆ ತಯಾರಕರಂತೆ ಮಾರಾಟಕ್ಕೆ ತಕ್ಕ ರಾಯಧನ ಕೊಡಬೇಕೆಂದು ಆರ್ಮ್‌ಸ್ಟ್ರಾಂಗ್ ನಿರಾಕರಿಸಿದರು. 1945ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಎಂ ಪ್ರಸಾರವನ್ನು 42ರಿಂದ 50 ಮೆಗಾಹರ್ಟ್ಸ್‌ನ ಪಟ್ಟಿಯಿಂದ 88ಕ್ಕೆ ಮೇಲಿನ ಈಗಿನ ಪಟ್ಟಿಗೆ ಎತ್ತಿ ಹಾಕಿತು. ಜನರ ಮನೆಗಳಲ್ಲಿದ್ದ ಹಳೆಯ ಎಫ್‌ಎಂ ಸೆಟ್‌ಗಳೆಲ್ಲ ಕೆಲಸಕ್ಕೆ ಬಾರದಾದವು. 1948ರಲ್ಲಿ ಅವರು ಆರ್‌ಸಿಎ ವಿರುದ್ಧ ದಾವೆ ಹೂಡಿದರು. ವಿಚಾರಣೆಗೆ ಮುಂಚಿನ ಹೇಳಿಕೆಗಳೇ ವರ್ಷಗಟ್ಟಲೆ ಎಳೆದವು. ಪೇಟೆಂಟ್ ಅವಧಿ ಮುಗಿಯುತ್ತಾ ಬಂತು, ಹಣ ಕರಗಿತು. 1953ರ ಕೊನೆಗೆ ಪತ್ನಿಯೂ ದೂರವಾದರು. 1954ರ ಜನವರಿ 31ರ ರಾತ್ರಿ, 63ನೆಯ ವಯಸ್ಸಿನಲ್ಲಿ, ಆರ್ಮ್‌ಸ್ಟ್ರಾಂಗ್ ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು.

ಮೇರಿಯನ್ ಹೋರಾಟ ಬಿಡಲಿಲ್ಲ. ಅದೇ ವರ್ಷದ ಕೊನೆಗೆ ಆರ್‌ಸಿಎ ಜೊತೆ ಹತ್ತು ಲಕ್ಷ ಡಾಲರಿಗೂ ಮೀರಿದ ಮೊತ್ತಕ್ಕೆ ರಾಜಿಯಾಯಿತು. ಉಳಿದ ಕಂಪನಿಗಳ ಮೇಲಿನ ದಾವೆಗಳನ್ನು ಅವರು ಒಂದೊಂದಾಗಿ ನಡೆಸಿದರು. ಕೊನೆಯದು ಮೊಟೊರೊಲಾ ವಿರುದ್ಧದ್ದು. 1967ರಲ್ಲಿ ಅದರಲ್ಲೂ ಗೆದ್ದರು. ಎಫ್‌ಎಂ ಆರ್ಮ್‌ಸ್ಟ್ರಾಂಗ್ ಅವರದೇ ಸಂಶೋಧನೆ ಎಂಬುದು ಕಾನೂನಿನಲ್ಲೂ ಸ್ಥಿರವಾಯಿತು. ಭಾರತದಲ್ಲಿ ಎಫ್‌ಎಂ ಪ್ರಸಾರ 1977ರಲ್ಲಿ ಮದ್ರಾಸಿನಿಂದ ಶುರುವಾಯಿತು. ಆಲ್ಪೈನ್ ಗೋಪುರ ಉಳಿದುಕೊಂಡಿತು. 2001ರ ಸೆಪ್ಟೆಂಬರಿನಲ್ಲಿ ವಿಶ್ವ ವಾಣಿಜ್ಯ ಕೇಂದ್ರ ಕುಸಿದು ಅದರ ಮೇಲಿನ ಆಂಟೆನಾಗಳು ನಾಶವಾದಾಗ, ನ್ಯೂಯಾರ್ಕಿನ ಟಿವಿ ಕೇಂದ್ರಗಳು ಆ ಗೋಪುರದಿಂದಲೇ ಪ್ರಸಾರ ಮುಂದುವರಿಸಿದವು.

ತರಗತಿಯಲ್ಲಿ ಈ ಜೀವನ

ಪ್ರಾಯೋಗಿಕ ಬೋಧನೆಗೆ ಹೋಗುವ ನಮಗೆ ಈ ಜೀವನಚರಿತ್ರೆಯಿಂದ ಮೂರು ಸುಲಭ ಚಟುವಟಿಕೆಗಳು ಸಿಗುತ್ತವೆ. ಮೈಕನ್ನು ಧ್ವನಿವರ್ಧಕದತ್ತ ನಿಧಾನವಾಗಿ ಸರಿಸಿ, ಕಿರುಚುವ ಮುಂಚಿನ ಹದವನ್ನು ಮಕ್ಕಳೇ ಗುರುತಿಸಲಿ. ಎರಡು ಶ್ರುತಿಕವೆಗಳಿಂದ ವಿಸ್ಪಂದ ಕೇಳಿಸಿ, ಅನಂತರ ಆಂದೋಲಕದ ಲೆಕ್ಕ ಕೊಡೋಣ: ಎಫ್‌ಎಂನ ಮಧ್ಯಂತರ ಆವೃತ್ತಿ 10.7 ಮೆಗಾಹರ್ಟ್ಸ್ ಆಗಿದ್ದು, ಆಂದೋಲಕ ಕೇಂದ್ರಕ್ಕಿಂತ ಮೇಲಿದ್ದರೆ, ಬೆಂಗಳೂರಿನ 101.3 ಕೇಳಲು ಅದು ಎಷ್ಟರಲ್ಲಿ ಕಂಪಿಸಬೇಕು? ಉತ್ತರ 112. ಮೂರನೆಯದಾಗಿ, ಎರಡೂ ಪಟ್ಟಿಗಳಿರುವ ರೇಡಿಯೋದ ಹತ್ತಿರ ಮಿಕ್ಸರ್ ಓಡಿಸಿ, ಮೊದಲು ಎಎಂ, ಆಮೇಲೆ ಎಫ್‌ಎಂ ಕೇಳಿಸೋಣ. ವ್ಯತ್ಯಾಸವನ್ನು ಮಕ್ಕಳ ಕಿವಿಯೇ ಹೇಳುತ್ತದೆ.

ಕೊನೆಯ ಭಾಗವನ್ನು ಹೇಗೆ ಹೇಳುವುದು ಎಂಬ ಪ್ರಶ್ನೆ ಉಳಿಯುತ್ತದೆ. ಮುಚ್ಚಿಡುವುದು ಸರಿಯಲ್ಲ, ಮಕ್ಕಳು ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವುದೇ ಅದು. ವಿವರಿಸಿ, ರಂಗೇರಿಸಿ ಹೇಳುವುದು ಇನ್ನೂ ತಪ್ಪು. ಒಂದೇ ವಾಕ್ಯದಲ್ಲಿ ಹೇಳಿ, ಅದು ತ್ಯಾಗವೂ ಅಲ್ಲ, ಸೋಲಿನ ತಕ್ಕ ಫಲವೂ ಅಲ್ಲ, ದಣಿದು ಒಂಟಿಯಾದ ಮನುಷ್ಯನಿಗೆ ಸಕಾಲಕ್ಕೆ ನೆರವು ಸಿಗದ ದುಃಖ ಎಂದು ತಿಳಿಸಬೇಕು. ಅವರು ಗೆಲ್ಲಬೇಕಾಗಿದ್ದ ದಾವೆಗಳು ಆಮೇಲೆ ಗೆದ್ದವು. ನೋಡಲು ಅವರು ಇರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416 ಎಂದು ಕಪ್ಪುಹಲಗೆಯ ಮೇಲೆ ಬರೆದರೆ ಪಾಠಕ್ಕೆ ಅಡ್ಡಿಯಾಗದು.

ಪಾಠ ಮುಗಿಸುವ ಮುನ್ನ ಒಂದು ಪ್ರಶ್ನೆಯನ್ನು ಮಕ್ಕಳ ಮುಂದಿಡಬಹುದು. ಕಾರ್ಸನ್ ಅವರ ಗಣಿತ ಸರಿಯಾಗಿತ್ತು, ಆರ್ಮ್‌ಸ್ಟ್ರಾಂಗ್ ಅವರ ಪ್ರಯೋಗವೂ ಸರಿಯಾಗಿತ್ತು. ಎರಡೂ ಹೇಗೆ ಸಾಧ್ಯ? ಪ್ರತಿ ತೀರ್ಮಾನದ ಹಿಂದೆ ಒಂದು ಷರತ್ತು ಇರುತ್ತದೆ, ಮೊದಲು ಆ ಷರತ್ತನ್ನು ಓದಬೇಕು ಎಂಬ ಉತ್ತರ ಯಾವುದಾದರೂ ಮೂಲೆಯ ಬೆಂಚಿನಿಂದ ಮೆಲ್ಲಗೆ ಬರಬಹುದು. ಅದು ಕೇಳಿಸುವಷ್ಟು ಹೊತ್ತು ನಾವು ಸುಮ್ಮನಿರಬೇಕು.